ಗೋಪಿನಾಥಂ ಮರೆಯದ ಅರಣ್ಯಾಧಿಕಾರಿ

ಮಲೆ ಮಹದೇಶ್ವರ ಬೆಟ್ಟದಿಂದ ತಿರುವುಗಳನ್ನು ಇಳಿದು ಪಾಲಾರ್ ತಲುಪಿದರೆ, ಅಲ್ಲಿಂದ ಕಾಡಿನ ನಡುವೆ ಗೋಪಿನಾಥಂಗೆ ದಾರಿ. ಎಡಬಲಕ್ಕೆ ಬಿದಿರು, ಜಾಲಿ, ಬೇಸಿಗೆಯಲ್ಲಿ ಬೋಳಾಗುವ ಗುಡ್ಡಗಳು. ಇನ್ನೂ ಮುಂದೆ ಹೋದರೆ ಕಾವೇರಿ ಬಂಡೆಗಳ ನಡುವೆ ಹೊಗೆಯೆಬ್ಬಿಸುವ ಹೊಗೆನಕಲ್. ಊರಿನಲ್ಲಿ ಹೆಚ್ಚಾಗಿ ಕಿವಿಗೆ ಬೀಳುವುದು ತಮಿಳು. ಅದರಲ್ಲಿ ಅಚ್ಚರಿಯೇನಿಲ್ಲ, 1956ರವರೆಗೆ ಕೊಳ್ಳೇಗಾಲ ಸೀಮೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು.

ಹೊರಗಿನವರಿಗೆ ಗೋಪಿನಾಥಂ ಎಂದರೆ ವೀರಪ್ಪನ್ ಹುಟ್ಟಿದೂರು, ಅಷ್ಟೇ. ಊರವರನ್ನು ಕೇಳಿದರೆ ಇನ್ನೊಂದು ಹೆಸರೂ ಬರುತ್ತದೆ: ಪಿ. ಶ್ರೀನಿವಾಸ್. ಇಲ್ಲಿನ ಮಾರಿಯಮ್ಮನ ಗುಡಿಯಲ್ಲಿ ದೇವಿಯ ಜತೆಗೆ ಈ ಅರಣ್ಯಾಧಿಕಾರಿಯ ಭಾವಚಿತ್ರಕ್ಕೂ ಪೂಜೆ ಸಲ್ಲುತ್ತದೆ.

1954ರಲ್ಲಿ ಆಂಧ್ರದ ರಾಜಮಂಡ್ರಿಯಲ್ಲಿ ಹುಟ್ಟಿದ ಶ್ರೀನಿವಾಸ್ 1979ರಲ್ಲಿ ಭಾರತೀಯ ಅರಣ್ಯ ಸೇವೆಗೆ ಸೇರಿದರು. ವೀರಪ್ಪನ್ ಹುಟ್ಟಿದ್ದು 1952ರಲ್ಲಿ. ಹೆಚ್ಚುಕಡಿಮೆ ಒಂದೇ ವಯಸ್ಸಿನ ಇಬ್ಬರು ಒಂದೇ ಕಾಡನ್ನು ಕಾಲಿನಿಂದಲೇ ಅಳೆದವರು. ಒಬ್ಬನ ಕಣ್ಣು ಗಂಧದ ಮರ ಮತ್ತು ಆನೆದಂತದ ಮೇಲೆ. ಇನ್ನೊಬ್ಬರ ಕಣ್ಣು ಕಾಡಂಚಿನ ಮನೆಗಳ ಮೇಲೆ.

1986ರಲ್ಲಿ ಸೆರೆಸಿಕ್ಕಿದ್ದ ವೀರಪ್ಪನ್ ತಪ್ಪಿಸಿಕೊಂಡ. ಅವನ ಬೆನ್ನುಹತ್ತಿದ ಶ್ರೀನಿವಾಸ್‌ಗೆ ಒಂದು ಸಂಗತಿ ಮನವರಿಕೆಯಾಗಿತ್ತು. ಹೊಟ್ಟೆಪಾಡಿಗೆ ಗಂಧ ಕಡಿಯಲು ಹೋಗುವವರಿಗೆ ಬೇರೆ ದಾರಿ ತೋರಿಸದೆ ಬಂದೂಕಿನಿಂದಲೇ ಕಾಡು ಉಳಿಯದು. ಅವರು ಗೋಪಿನಾಥಂನಲ್ಲೇ ಬೀಡುಬಿಟ್ಟರು. ಕಾಯಿಲೆಯವರಿಗೆ ಔಷಧ ಕೊಡಿಸಿದರು, ಬಡವರಿಗೆ ಮನೆ ಕಟ್ಟಿಸಲು ಓಡಾಡಿದರು, ಮಾರಿಯಮ್ಮನಿಗೆ ಗುಡಿ ಎಬ್ಬಿಸಿದರು. ಮನೆಮನೆಗೆ ಹೋಗಿ ಮಾತನಾಡಿಸಿದರು. ಅವರ ಮಾತು ನಂಬಿ ವೀರಪ್ಪನ್‌ನ ಸಹಚರರು ಒಬ್ಬೊಬ್ಬರಾಗಿ ಶರಣಾದರು.

ಆ ನಂಬಿಕೆಯೇ ಅವರಿಗೆ ಮುಳುವಾಯಿತು. ವೀರಪ್ಪನ್ ಶರಣಾಗುತ್ತಾನೆಂಬ ಮಾತು ನಂಬಿ 1991ರ ನವೆಂಬರ್ 10ರಂದು ಅವರು ನಿರಾಯುಧರಾಗಿ ಕಾಡಿನೊಳಕ್ಕೆ ನಡೆದರು. ಅಲ್ಲಿ ಕಾದಿದ್ದುದು ಗುಂಡು. ಆಗ ಅವರ ವಯಸ್ಸು 37. 1992ರಲ್ಲಿ ಸರ್ಕಾರ ಮರಣೋತ್ತರ ಕೀರ್ತಿಚಕ್ರ ನೀಡಿತು.

ಆಮೇಲಿನ ವರ್ಷಗಳನ್ನು ಈ ಸೀಮೆ ಮರೆಯಲಾರದು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಸತ್ತರು. ಒಂದೆಡೆ ವೀರಪ್ಪನ್ ಭಯ, ಇನ್ನೊಂದೆಡೆ ಪೊಲೀಸರ ವಿಚಾರಣೆ. ನಡುವೆ ನಲುಗಿದವರು ಹಳ್ಳಿಗರು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ ಮೇಲಷ್ಟೇ ಕಾಡುದಾರಿಗಳಲ್ಲಿ ಜನರ ಓಡಾಟ ಸಲೀಸಾಯಿತು.

ಬದುಕಿದ್ದರೆ ಶ್ರೀನಿವಾಸ್ ಈಗ ಎಪ್ಪತ್ತು ದಾಟಿದ ಅಜ್ಜನಾಗಿರುತ್ತಿದ್ದರು. ಮದುವೆಯಾಗದೆ ಹೋದ ಅವರಿಗೆ ಮೊಮ್ಮಕ್ಕಳಿಲ್ಲ. ಆದರೆ ಮನೆತನದ ಹಿರಿಯನ ಹೆಸರು ಹೇಳುವಂತೆ ಅವರ ಹೆಸರು ಹೇಳುವ ಒಂದು ಊರೇ ಇದೆ.

ಈಗ ಗೋಪಿನಾಥಂಗೆ ಚಾರಣಿಗರು ಬರುತ್ತಾರೆ. ಜಂಗಲ್ ಲಾಡ್ಜಸ್ ಸಂಸ್ಥೆ ಇಲ್ಲಿ ಶಿಬಿರ ತೆರೆದಿದೆ. ವೀರಪ್ಪನ್ ಅಡಗಿದ್ದ ಜಾಗ ಯಾವುದೆಂದು ಕೇಳುವವರೇ ಹೆಚ್ಚು. ಹೊಗೆನಕಲ್ ನೋಡುವ ಅವಸರದಲ್ಲಿರುವವರೂ ಮಾರಿಯಮ್ಮನ ಗುಡಿಯೆದುರು ಒಂದು ಗಳಿಗೆ ನಿಂತು ಹೋದರೆ, ಈ ಕಾಡಿನ ಕಥೆಯ ಇನ್ನೊಂದು ಮುಖವನ್ನೂ ಕಂಡಂತಾಗುತ್ತದೆ.