ದಾರಿ ತೋರುವವರು ಬೇಕು

ನಮ್ಮ ತುಮಕೂರಿಗೆ ಬೆಟ್ಟಗಳ ಕೊರತೆಯಿಲ್ಲ. ಧುಮುಕುವ ನೀರಿಗೆ ಮಾತ್ರ ಬಡತನ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷೆಯೇನೋ ನಮ್ಮವಳೇ. ಆದರೆ ಅವಳು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ವಿಶ್ರಮಿಸಿ, ಮಳವಳ್ಳಿಯ ಸೀಮೆಗೆ ಹೋದ ಮೇಲೆಯೇ ಧುಮುಕುವ ಮನಸ್ಸು ಮಾಡುತ್ತಾಳೆ. ಅನಂತರ ಕಾವೇರಿಯನ್ನು ಸೇರುತ್ತಾಳೆ. ಅದೇ ಸೀಮೆಯ ಶಿವನಸಮುದ್ರಕ್ಕೆ ಹೋಗಿ, ಕಾವೇರಿಯು ಎರಡಾಗಿ ಬೀಳುವ ಗಗನಚುಕ್ಕಿ ಭರಚುಕ್ಕಿಗಳನ್ನು ನೋಡಿ ರಾತ್ರಿಯೊಳಗೆ ಮರಳಬೇಕೆಂದು ನಾವು ಏಳು ಮಂದಿ ಕಳೆದ ವರ್ಷ ನಿಶ್ಚಯಿಸಿದೆವು.

ಕುಣಿಗಲ್, ಹುಲಿಯೂರುದುರ್ಗ, ಮದ್ದೂರು, ಮಳವಳ್ಳಿ: ದಾರಿ ಗೊತ್ತಾಯಿತು. (ಮದ್ದೂರಿನ ವಡೆಯನ್ನು ಒಬ್ಬರೂ ಮರೆಯಲಿಲ್ಲ.) 2023ರ ಶಕ್ತಿ ಯೋಜನೆಯ ದಯೆಯಿಂದ ಮೂವರು ವಿದ್ಯಾರ್ಥಿನಿಯರಿಗೆ ಬಸ್ಸಿನ ಚಿಂತೆಯಿರಲಿಲ್ಲ, ನಾಲ್ವರು ಹುಡುಗರು ಮಾತ್ರ ಜೇಬು ತಡವಿಕೊಂಡೆವು.

ತೊಡಕಾದದ್ದು ಕಾಲದ ಪ್ರಶ್ನೆ. ಕೃಷ್ಣರಾಜಸಾಗರ ತುಂಬಿ ನೀರು ಬಿಟ್ಟಾಗ ನೋಟವೇನೋ ಭವ್ಯ, ಆದರೆ ಕೆಳಗಿಳಿಯುವಂತಿಲ್ಲ. ಬೇಸಿಗೆಯಲ್ಲಿ ಹೋದರೆ ಬಂಡೆಗಳ ದರ್ಶನ. 1902ರಲ್ಲಿ ಕೋಲಾರದ ಗಣಿಗೆ ವಿದ್ಯುತ್ತು ಕಳುಹಿಸಿದಂದಿನಿಂದ ಅಲ್ಲಿನ ನೀರು ಮೊದಲು ಯಂತ್ರಕ್ಕೆ, ಉಳಿದದ್ದು ನಮ್ಮ ಕಣ್ಣಿಗೆ. ಕೊನೆಗೆ ಕಾರ್ತಿಕಮಾಸವೆಂದಾಯಿತು.

ಸ್ಥಳದವರೊಬ್ಬರನ್ನು ಜೊತೆಗೆ ಗೊತ್ತುಮಾಡೋಣ, ತಲೆಗೆ ನೂರು ರೂಪಾಯಿ ಬಿದ್ದೀತು ಎಂದೆ. ಎಲ್ಲರೂ ನಕ್ಕರು. "ಕಣ್ಣೆದುರಿಗೆ ಬೀಳೋ ನೀರನ್ನ ತೋರ್ಸೋಕೂ ಆಳು ಬೇಕೇನೋ?" ಎಂದವನು ಗುಬ್ಬಿಯ ಗೆಳೆಯ. ಕಡಬದ ಕೆರೆಯಲ್ಲಿ ಈಜು ಕಲಿತವನು. ಅವನ ಮಾತಿಗೆ ತೂಕವಿತ್ತು. ನನ್ನ ಸಲಹೆ ಬಿದ್ದುಹೋಯಿತು.

ಅಪ್ಪಣೆ ಕೇಳಲು ಅವನ ಮನೆಗೆ ಹೋದೆವು. ಅವರ ತಾಯಿ ಮುದ್ದೆ ಬಡಿಸುತ್ತ, "ಅಲ್ಲಪ್ಪಾ, ನೀರು ಕಂಡ್ರೆ ಇವ್ನು ನಿಲ್ಲಲ್ಲ. ಜೊತೇಲಿ ಆ ಜಾಗ ತಿಳಿದೋರು ಯಾರು ಬತ್ತಾರೆ?" ಎಂದು ನನ್ನನ್ನೇ ಕೇಳಿದರು. ನಾನು ಸುಮ್ಮನಾದೆ. "ನನ್ ತಮ್ಮನೂ ಚೆನ್ನಾಗಿ ಈಜ್ತಿದ್ದ," ಎಂದಷ್ಟೇ ಹೇಳಿ ಸಾರು ತರಲು ಒಳಗೆ ಹೋದರು. ಗೆಳೆಯ ತಲೆಯೆತ್ತಲಿಲ್ಲ. ಮರುದಿನ ಕಾಲೇಜಿನಲ್ಲಿ ಎರಡು ನೂರರ ನೋಟನ್ನು ನನ್ನ ಕೈಯಲ್ಲಿಟ್ಟು, "ಮೊದಲು ಆ ಮನುಷ್ಯನ್ನ ಗೊತ್ತುಮಾಡು" ಎಂದ.

ಭರಚುಕ್ಕಿಯ ಮೆಟ್ಟಿಲಿಳಿದು ಬಂಡೆಗಳ ನಡುವೆ ನಮ್ಮನ್ನು ನಡೆಸಿದವರು ಒಬ್ಬ ವಯಸ್ಸಾದವರು. ಒಂದೆಡೆ ನಿಂತು, "ಇಲ್ಲಿಗೆ ಸಾಕು" ಎಂದರು. ಮುಂದಿನ ನೀರು ಮೊಣಕಾಲುದ್ದವೆಂದೇ ನಮಗೆ ಕಂಡಿತು. ಅವರು ಮಾತಾಡದೆ ಬಗ್ಗಿ ಕೋಲನ್ನು ಅದರಲ್ಲಿ ಇಳಿಬಿಟ್ಟರು. ಕೋಲು ಪೂರಾ ಮುಳುಗಿ ಮೊಣಕೈವರೆಗೂ ನೆನೆಯಿತು; ತಳ ಸಿಗಲಿಲ್ಲ.

ಗುಬ್ಬಿಯವನು ಬಂಡೆಯ ಮೇಲೆ ಕುಳಿತು ತಾಯಿಗೆ ಫೋನು ಮಾಡತೊಡಗಿದ.