ಮೂರು ಗಂಟು

ಎಸ್.ಪಿ. ರೋಡಿನ ಕಿರಿದಾದ ಅಂಗಡಿಯೊಂದರಲ್ಲಿ ಹುಡುಗ ನನ್ನ ಎರಡು ಕೇಬಲ್‌ಗಳ ತುದಿ ತಿರುಗಿಸಿ ನೋಡಿದ. "ಎರಡೂ ಫೀಮೇಲ್ ಸಾರ್, ಹೆಂಗೆ ಸೇರ್ತವೆ?" ಅಂದ. ಪಕ್ಕದಲ್ಲಿದ್ದ ನನ್ನ ಭಾಮೈದ ಕಿಸಕ್ಕೆಂದು ನಕ್ಕ.

ಅದು 2004ರ ನವೆಂಬರ್. ಮರುದಿನ ಬೆಳಿಗ್ಗೆ ಇಬ್ಬರೂ ಮುಳ್ಳಯ್ಯನಗಿರಿಗೆ ಹೊರಡಬೇಕು. ದಾರಿ ತೋರಿಸಲು ನನ್ನ ಬಳಿ ಅಂಗೈಯಗಲದ ಪಾಕೆಟ್ ಪಿ.ಸಿ. ಇತ್ತು, ಕಂಪ್ಯೂಟರಿನ ಮೌಸ್‌ನ ಹಾಗೆ ಕಾಣುವ ಕಪ್ಪು ಜಿಪಿಎಸ್ ರಿಸೀವರ್ ಇತ್ತು. ಎರಡರ ಕೇಬಲ್‌ಗಳನ್ನೂ ಕಂಪ್ಯೂಟರಿಗೆ ಚುಚ್ಚಲೆಂದೇ ಮಾಡಿದ್ದರು. ಒಂದಕ್ಕೊಂದು ಚುಚ್ಚಿಕೊಳ್ಳಬಹುದೆಂದು ಯಾರಿಗೂ ಹೊಳೆದಂತಿರಲಿಲ್ಲ. ಹುಡುಗ ಎರಡು ಪುಟ್ಟ ಅಡಾಪ್ಟರ್ ಕೊಟ್ಟ. ಜೆಂಡರ್ ಚೇಂಜರ್ ಎರಡು ತುದಿಗಳನ್ನು ಕೂಡಿಸುತ್ತದೆ. ನಲ್ ಮೋಡೆಮ್ ಎರಡನೆಯ ಮತ್ತು ಮೂರನೆಯ ತಂತಿಗಳನ್ನು ಅದಲುಬದಲು ಮಾಡುತ್ತದೆ. ಅದಿಲ್ಲದಿದ್ದರೆ ಎರಡೂ ಒಂದೇ ತಂತಿಯಲ್ಲಿ ಮಾತಾಡಿ ಒಂದೇ ತಂತಿಯಲ್ಲಿ ಕಿವಿಗೊಡುತ್ತವೆ, ಯಾರಿಗೂ ಏನೂ ಕೇಳಿಸುವುದಿಲ್ಲ.

ರಾತ್ರಿ ಮನೆಯ ತಾರಸಿಯಲ್ಲಿ ಜೋಡಿಸಿದೆ. ಪರದೆಯ ತುಂಬ ಕಸದಂಥ ಅಕ್ಷರಗಳು ಸುರಿದವು. ನಾನು ವೇಗವನ್ನು 9600ಕ್ಕೆ ಇಟ್ಟಿದ್ದೆ, ರಿಸೀವರ್ ಮಾತಾಡುತ್ತಿದ್ದದ್ದು 4800ರಲ್ಲಿ. ಸರಿಪಡಿಸಿದ ಕೂಡಲೇ ಡಾಲರ್ ಚಿಹ್ನೆಯಿಂದ ಶುರುವಾಗುವ ಸಾಲುಗಳು ಸೆಕೆಂಡಿಗೊಮ್ಮೆ ಶಿಸ್ತಾಗಿ ಇಳಿಯತೊಡಗಿದವು. ಆದರೆ ಜಾಗ ಮಾತ್ರ ಖಾಲಿ. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳಲ್ಲಿ ನಾಲ್ಕಾದರೂ ಸಿಗಬೇಕು. ಪೆಟ್ಟಿಗೆಯಿಂದ ಈಗಷ್ಟೇ ಎದ್ದ ರಿಸೀವರ್‌ಗೆ ಯಾವುದು ಎಲ್ಲಿದೆಯೆಂಬ ಪಂಚಾಂಗ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಹದಿನೈದನೆಯ ನಿಮಿಷಕ್ಕೆ ಅಕ್ಷಾಂಶ, ರೇಖಾಂಶ ಮೂಡಿದವು. "ಮೊದಲ ಗಂಟು ಬಿತ್ತು ಭಾವ, ಇನ್ನೆರಡು ಬಾಕಿ," ಎಂದ ಭಾಮೈದ. ತಮಾಷೆಗೆ ಅಂದದ್ದು ನಿಜವಾಯಿತು.

ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು. ಅಷ್ಟು ದೂರಕ್ಕೂ ನಮ್ಮಲ್ಲಿ ನಕ್ಷೆ ಇರಲಿಲ್ಲ. ಬಿಳಿ ಪರದೆಯ ಮೇಲೆ ನಮ್ಮ ಹಿಂದೆ ಒಂದು ಗೆರೆ ಬೆಳೆಯುತ್ತಿತ್ತು, ಅಷ್ಟೇ. ಕಾರಿನ ಸಿಗರೇಟ್ ಲೈಟರ್‌ನಿಂದ ಕರೆಂಟು, ಡ್ಯಾಶ್‌ಬೋರ್ಡಿನ ಮೇಲೆ ರಿಸೀವರ್, ನನ್ನ ತೊಡೆಯ ಮೇಲೆ ತಂತಿಗಳ ಗೋಜಲು. ಯಡಿಯೂರಿನಲ್ಲಿ ಇಡ್ಲಿ ತಿನ್ನಲು ಇಳಿಯುವಾಗ ನಾನೇ ಅದರಲ್ಲಿ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿದೆ.

ಚಿಕ್ಕಮಗಳೂರು ದಾಟಿದ ಮೇಲೆ ನಿಜವಾದ ನಕ್ಷೆ ಶುರು. ಭಾಮೈದನ ಬಳಿಯಿದ್ದ ಹಳೆಯ ಟೋಪೋಶೀಟನ್ನು ಸ್ಕ್ಯಾನ್ ಮಾಡಿ ಮೆಮೊರಿ ಕಾರ್ಡಿಗೆ ಹಾಕಿದ್ದೆವು. ಸರ್ಪದಾರಿಯ ಬುಡದಲ್ಲಿ ಕಾರು ನಿಲ್ಲಿಸಿ, ರಿಸೀವರ್‌ಗೆ ನಾಲ್ಕು ರೀಚಾರ್ಜ್ ಸೆಲ್ಲುಗಳ ಡಬ್ಬಿ ಕಟ್ಟಿ, ಹತ್ತತೊಡಗಿದೆವು. ಎರಡೂ ಕಡೆ ಎದೆಮಟ್ಟದ ಹುಲ್ಲು, ಕೆಳಗೆ ಕಾಫಿ ತೋಟಗಳ ಕಪ್ಪು ಹಸಿರು.

"ಭಾವ, ಇದು ನಮ್ಮನ್ನ ಕೊಳ್ಳಕ್ಕೆ ತಳ್ಳಿದೆ ನೋಡಿ."

ನಿಜ. ನಾವು ಏಣಿನ ಮೇಲಿದ್ದರೆ ನಮ್ಮ ಚುಕ್ಕಿ ವಾಯವ್ಯಕ್ಕೆ, ನೂರೈವತ್ತು ಇನ್ನೂರು ಮೀಟರ್ ಆಚೆ ಕಣಿವೆಯಲ್ಲಿತ್ತು. ಎಷ್ಟು ಹೆಜ್ಜೆ ಹತ್ತಿದರೂ ಅದೇ ಅಂತರ, ಅದೇ ದಿಕ್ಕು. ಹಟ ಹಿಡಿದಂಥ ಈ ತಪ್ಪೇ ಸುಳಿವು ಕೊಟ್ಟಿತು. ಭೂಮಾಪಕ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿ, 1804ರಲ್ಲಿ ಬೆಂಗಳೂರಿನಲ್ಲೂ ಆಧಾರರೇಖೆ ಅಳೆದು ಮುಂದುವರಿಸಿದ ಸರ್ವೆಯ ಸಂತಾನ ನಮ್ಮ ಹಳೆಯ ಟೋಪೋಶೀಟುಗಳು. ಅವು ನಂಬಿರುವುದು ಭೂಮಾಪಕ ಎವರೆಸ್ಟ್ 1830ರಲ್ಲಿ ಲೆಕ್ಕ ಹಾಕಿದ ಭೂಮಿಯ ಆಕಾರವನ್ನು. ಅವುಗಳ ಮೂಲಬಿಂದು ಮಧ್ಯಪ್ರದೇಶದ ಕಲ್ಯಾಣಪುರದಲ್ಲಿದೆ. ಉಪಗ್ರಹಗಳ ಮೂಲಬಿಂದು ಭೂಮಿಯ ಹೃದಯದಲ್ಲಿ. ಇಬ್ಬರೂ ಸರಿಯೇ, ಅಳೆಯಲು ನಿಂತ ಜಾಗ ಬೇರೆ. ಬಂಡೆಯ ಮೇಲೆ ಕೂತು, ಕಡ್ಡಿಯಿಂದ ಪರದೆ ಕುಟ್ಟಿ, ಆಕಾರ, ಮೂಲಬಿಂದು ಎರಡನ್ನೂ ಗೊತ್ತುಮಾಡುವ ಡೇಟಮ್ ಪಟ್ಟಿಯಲ್ಲಿ ಎವರೆಸ್ಟ್‌ನದನ್ನು ಆರಿಸಿದೆ. ಚುಕ್ಕಿ ಟಣ್ಣನೆ ಜಿಗಿದು ನಮ್ಮ ಕಾಲಡಿಗೆ ಬಂತು. ಎರಡನೇ ಗಂಟು.

ತುದಿಯ ಮುಳ್ಳಪ್ಪಸ್ವಾಮಿ ಗುಡಿ ತಲುಪುವಾಗ ಮಂಜು ಮುಸುಕಿತ್ತು. ಅಂಗಳದಲ್ಲಿ ಕೂತಿದ್ದ ಹಿರಿಯರೊಬ್ಬರು ನಮ್ಮ ತಂತಿಗಳನ್ನು ನೋಡಿ, "ಎಷ್ಟು ಎತ್ತರ ಅಂತದೆ ಅದು?" ಎಂದರು.

"1,840 ಮೀಟರ್."

"1,930 ಅಂತಾರಲ್ರೀ. ಬೆಟ್ಟ ಕುಗ್ಗಿತಾ?"

ಬೆಟ್ಟ ಕುಗ್ಗಿರಲಿಲ್ಲ. ಜನ ಎತ್ತರ ಅಳೆಯುವುದು ಸಮುದ್ರದಿಂದ. ನನ್ನ ರಿಸೀವರ್ ಅಳೆಯುತ್ತಿದ್ದದ್ದು ಲೆಕ್ಕದ ನುಣುಪು ಗೋಳದಿಂದ. ಗುರುತ್ವ ಕಡಿಮೆಯಿರುವ ಕಾರಣ ಹಿಂದೂ ಮಹಾಸಾಗರದ ಮಟ್ಟವೇ ಲಂಕೆಯ ದಕ್ಷಿಣಕ್ಕೆ ಆ ಗೋಳಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಆ ತಗ್ಗಿನ ಅಂಚು ನಮ್ಮ ನೆಲದಡಿಗೂ ಚಾಚಿದೆ. ಇಲ್ಲಿ ಸುಮಾರು ತೊಂಬತ್ತು ಮೀಟರ್. ಮಂಗಳೂರಿನ ಕಡಲ ದಂಡೆಯಲ್ಲಿ ನಿಂತಿದ್ದರೆ ನಾವು ತೊಂಬತ್ತು ಮೀಟರ್ ನೀರಿನಡಿ ಇದ್ದೇವೆಂದೇ ಅದು ಹೇಳುತ್ತಿತ್ತು. ಈ ಗಂಟು ಹಾಕಲು ರಿಸೀವರಿನಲ್ಲಿ ಜಾಗವೇ ಇರಲಿಲ್ಲ. ಭಾಮೈದ ಟೋಪೋಶೀಟಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದ: "+90".

ಪೆನ್ಸಿಲ್ ಕಿಸೆಗೆ ಸೇರುವಷ್ಟರಲ್ಲಿ ಪಾಕೆಟ್ ಪಿ.ಸಿ.ಯ ಬ್ಯಾಟರಿ ಮುಗಿಯಿತು. ಆಗಿನ ಯಂತ್ರಗಳಿಗೆ ಬ್ಯಾಟರಿ ಹೋದರೆ ನೆನಪೂ ಹೋಗುತ್ತಿತ್ತು. ಪ್ರೋಗ್ರಾಮು, ವೇಗದ ಸೆಟ್ಟಿಂಗು, ಕಷ್ಟಪಟ್ಟು ಹುಡುಕಿದ ಡೇಟಮ್, ಎಲ್ಲ ಅಳಿಸಿಹೋಗಿ ಅದು ಮತ್ತೆ ಅಂಗಡಿಯಿಂದ ತಂದ ದಿನದ ಹಸುಗೂಸು.

"ಏಣು ಬಿಡಬೇಡಿ. ಎಡಗಡೆ ಗಾಳಿ ಬಡೀತಿದ್ರೆ ದಾರೀಲಿದ್ದೀರಿ ಅಂತ ತಿಳ್ಕೊಳಿ," ಎಂದರು ಹಿರಿಯರು. ಅವರ ಅಳತೆ ಆ ಹೊತ್ತಿನ ಗಾಳಿಯದು. ಎಡಗೆನ್ನೆ ಮರಗಟ್ಟುವವರೆಗೆ ನಡೆದು ಕಾರು ಮುಟ್ಟಿದೆವು.

ಈಗ ಫೋನಿನೊಳಗೆ ಆ ಮೂರೂ ಗಂಟು ಯಾರ ಕಣ್ಣಿಗೂ ಬೀಳದಂತೆ ಕೂತಿವೆ. ಭಾಮೈದನ ಮನೆಯ ಅಟ್ಟದಲ್ಲಿ ಆ ಟೋಪೋಶೀಟ್ ಇನ್ನೂ ಇದೆ. ಹೋದ ವರ್ಷ ಅವನ ಮಗಳು ಅದನ್ನು ಹರಡಿ ಕೇಳಿದಳು: "ಮಾಮ, ಈ ತೊಂಬತ್ತು ಯಾರ ಮಾರ್ಕ್ಸು?"