ಬಿಸಿಲೂರಿನ ಗಾಡಿಗೆ ನವಾರಿನ ಸೀಟು

ರಾಯಚೂರು ಸೀಮೆಗೆ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ನಗೆಯಾಡುವುದುಂಟು. ನಗಲಿ ಬಿಡಿ, ಬಿಸಿಲು ನಮ್ಮದು. ಏಪ್ರಿಲ್ ಹೊಕ್ಕಿತೆಂದರೆ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆ ಬಿಸಿಲಲ್ಲಿ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸುವ ಬಗ್ಗೆ ಸೋದರಿಯರು ಬೇಕಾದಷ್ಟು ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಅದೇ ಬಿಸಿಲಲ್ಲಿ ದಿನಾ ಕೆಲಸಕ್ಕೆ ಹೋಗಿಬರುವವರು ಕೂಡುವ ಸೀಟಿನ ಬಗ್ಗೆ. ಸೀಟಿನ ಬಗ್ಗೆ ಏನು ಬರೆಯುವುದಿದೆ ಅನ್ನಬೇಡಿ. ಕೂಡುವ ಜಾಗ ಸರಿಯಿಲ್ಲದೆ ನಮ್ಮ ಮನೆಯ ದುಡಿಯುವ ಗಂಡಸೊಬ್ಬ ಮನೆ ಹಿಡಿಯುವುದರಲ್ಲಿದ್ದ.

ಅವನು ನನ್ನ ಮೈದುನ. ಎರಡನೇ ವರ್ಷದಲ್ಲಿ ಪೋಲಿಯೋ ಬಂದು ಎರಡೂ ಕಾಲು ಸೋತವು. ನಮ್ಮ ದೇಶದಲ್ಲಿ ಸಹಜ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, 2014ರಲ್ಲಿ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರವೂ ಬಂತು. ಆದರೆ ಅದಕ್ಕಿಂತ ಮೊದಲು ಹುಟ್ಟಿ, ಈಗ ನಲವತ್ತು ದಾಟಿದವರು ಊರೂರಲ್ಲಿ ಇದ್ದಾರಲ್ಲ, ಅವರಲ್ಲಿ ಇವನೂ ಒಬ್ಬ. ಬಾಗಲವಾಡದಲ್ಲಿ ಗಡಿಯಾರ, ಮೊಬೈಲು ರಿಪೇರಿ ಮಾಡುವ ಚಿಕ್ಕ ಅಂಗಡಿ ಇಟ್ಟಿದ್ದಾನೆ. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಹೋಗುತ್ತಾನೆ, ಬರುತ್ತಾನೆ. ಅಣ್ಣನ ಮೋಟಾರ್ ಸೈಕಲ್ ಹಿಂದೆ ಕೂಡು ಎಂದರೆ, “ನನ್ನ ಗಾಡಿ ನನಗದ ಬಿಡ್ರಿ” ಅನ್ನುವ ಜಾತಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರಕಾರಿ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ವೇಳೆ ಬದಲಿಸುವುದುಂಟು. ಅಂಗಡಿಯವರಿಗೆ ಅಂಥ ಆದೇಶ ಯಾರು ಹೊರಡಿಸಬೇಕು? ಊಟಕ್ಕೆ ಬರುವುದು ಒಂದೂವರೆಗೆ, ಮತ್ತೆ ಹೋಗುವುದು ಮೂರಕ್ಕೆ. ಬಿಸಿಲಿನ ನೆತ್ತಿಯಲ್ಲೇ ಎರಡು ಸಲ ಪ್ರಯಾಣ.

ಅಂಗಡಿಗೆ ಮೂರು ಮೆಟ್ಟಿಲು. ಇವನು ಇಳಿದು ಕೈಯೂರಿ ಒಳಗೆ ಹೋಗುತ್ತಾನೆ, ಗಾಡಿ ಹೊರಗೇ ನಿಲ್ಲುತ್ತದೆ. ಕಪ್ಪು ರೆಗ್ಜಿನ್ ಸೀಟು, ಅದರ ಕೆಳಗೆ ಸ್ಪಂಜು, ಅದರ ಕೆಳಗೆ ತಗಡು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಮೊದಮೊದಲು ಟವೆಲ್ಲು ಹಾಸಿಕೊಂಡ, ಅದು ಜಾರಿ ಮುದ್ದೆಯಾಗಿ ಒಂದೇ ಕಡೆ ಒತ್ತುತ್ತಿತ್ತು. ಆಮೇಲೆ ಗೋಣಿತಟ್ಟು ನೆನೆಸಿ ಹಾಸಿದ. ಹತ್ತು ನಿಮಿಷ ತಂಪು, ಆಮೇಲೆ ಒದ್ದೆ ಬಟ್ಟೆಯ ಮೇಲೆ ಬೆವರಿನ ಮೈ. ಅತ್ತೆಯವರು ಕೊಡಕ್ಕೆ ಇಡುವಂತೆ ಬಟ್ಟೆಯ ಸಿಂಬಿ ಸುತ್ತಿಕೊಟ್ಟರು.

ಒಂದು ದಿನ ಬಟ್ಟೆ ಒಗೆಯುವಾಗ ಅವನ ಪಂಚೆಯ ಮೇಲೆ ಕಲೆ ಕಂಡೆ. ರಕ್ತ ಅಲ್ಲ, ಕೀವು ಕೂಡಿದ ನೀರು. ಕೇಳಿದರೆ ಮುಖ ತಿರುಗಿಸಿದ. ಕೂಡುವ ಜಾಗದ ನೋವನ್ನು ಅತ್ತಿಗೆಯ ಮುಂದೆ ಯಾವ ಗಂಡಸು ಹೇಳುತ್ತಾನೆ? ಕೊನೆಗೆ, “ವೈನಿ, ಮಳಿಗಾಲ ಬರೋತನಕ ಅಂಗಡಿ ಬಂದ್ ಮಾಡ್ತೀನಿ” ಎಂದಷ್ಟೇ ಅಂದ. ಮೂರು ತಿಂಗಳು ಬಾಗಿಲು ಹಾಕಿದ ಅಂಗಡಿಗೆ ಗಿರಾಕಿ ತಿರುಗಿ ಬರುತ್ತಾರೆಯೇ? ಅದಕ್ಕಿಂತ ಹೆಚ್ಚಾಗಿ, ಸ್ವಂತ ಗಾಡಿಯಲ್ಲಿ ಹೋಗಿಬರುವ ಮನುಷ್ಯ ಪಡಸಾಲೆಯ ಮೂಲೆಗೆ ಬಿದ್ದರೆ ಮತ್ತೆ ಎದ್ದು ಹೊರಟಾನೆಯೇ ಎಂಬ ಹೆದರಿಕೆ ನನಗೆ.

ರಾಯಚೂರಿನಲ್ಲಿ ನೋಡಿದ ವೈದ್ಯರು ಮುಲಾಮಿಗಿಂತ ಹೆಚ್ಚು ಸೀಟಿನ ಬಗ್ಗೆಯೇ ಮಾತಾಡಿದರು. ಕಾಲು ಸೋತವರ ಸೊಂಟದ ಕೆಳಗೆ ಮಾಂಸ ಕಡಿಮೆ, ಎಲುಬು ನೇರವಾಗಿ ಚರ್ಮವನ್ನು ಒತ್ತುತ್ತದೆ. ಒತ್ತಡಕ್ಕೆ ಬಿಸಿ, ಬೆವರು ಕೂಡಿದರೆ ಚರ್ಮ ನೆನೆದ ಕಾಗದದ ಹಾಗೆ ಬಿಟ್ಟುಕೊಳ್ಳುತ್ತದೆ. ಸಿಂಬಿಯನ್ನಂತೂ ಕೂಡಲೇ ಬಿಡಿಸಿದರು. ನಡುವೆ ತೂತು ಇದ್ದರೆ ಹಾಯಿ ಎಂದು ನಮಗೆ ತೋರುತ್ತದೆ, ಆದರೆ ಭಾರವೆಲ್ಲ ಅಂಚಿಗೆ ಬಿದ್ದು ರಕ್ತ ಓಡಾಟಕ್ಕೆ ಅಡ್ಡಿಯಂತೆ. ಹುಣ್ಣು ಮಾಯುವ ತನಕ ಬೋರಲು ಮಲಗಿಸಿ, ಆಮೇಲೆ ಸೀಟು ಬದಲಿಸದೆ ಗಾಡಿ ಹತ್ತಿಸಬೇಡಿ ಎಂದರು.

ಸೀಟು ಬದಲಿಸಿ ಎನ್ನುವುದು ಸುಲಭ, ಎಂಥದ್ದು ಹಾಕುವುದು? ಬೆಂಗಳೂರಲ್ಲಿ ಓದುವ ನನ್ನ ಮಗ ಫೋನಿನಲ್ಲಿ ಒಂದು ತಮಾಷೆಯ ಸೈಕಲ್ಲಿನ ಚಿತ್ರ ಕಳಿಸಿದ. ಆರಾಮ ಕುರ್ಚಿಯಲ್ಲಿ ಒರಗಿದಂತೆ ಕುಳಿತು, ಕಾಲು ಮುಂದಕ್ಕೆ ಚಾಚಿ ತುಳಿಯುವುದು, ರಿಕಂಬೆಂಟ್ ಎಂದು ಅದರ ಹೆಸರು. 1933ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ ಅಂಥದ್ದರಲ್ಲಿ ಕುಳಿತು, ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ಹೋದ ದಾಖಲೆ ಮುರಿದನಂತೆ. ಮರುವರ್ಷವೇ ಸೈಕಲ್ ಸಂಘದ ದೊಡ್ಡವರು ಆ ನಮೂನೆಯನ್ನು ಪಂದ್ಯಗಳಿಂದ ಹೊರಗಿಟ್ಟರು. ಗೆದ್ದವರನ್ನು ಹೊರಗೆ ಹಾಕುವುದು ಎಲ್ಲಾ ದೇಶದಲ್ಲೂ ಇದೆ ಅನ್ನಿ!

ನನ್ನ ಕಣ್ಣು ಹೋದದ್ದು ಅದರ ಸೀಟಿನ ಮೇಲೆ. ಅವರಲ್ಲಿ ಎರಡು ಬಗೆ. ಒಂದು ಗಟ್ಟಿ ಚಿಪ್ಪಿನಂಥದ್ದು, ಮೇಲೆ ಸ್ಪಂಜಿನ ಹಾಸು. ಇನ್ನೊಂದು ಕೊಳವೆಯ ಚೌಕಟ್ಟಿಗೆ ಬಲೆಯ ಬಟ್ಟೆ ಎಳೆದು, ಹಿಂದೆ ಪಟ್ಟಿಗಳಿಂದ ಬಿಗಿದದ್ದು. ಚಿಪ್ಪಿನದು ಅಲುಗುವುದಿಲ್ಲ, ಬಲವೆಲ್ಲ ಪೆಡಲ್ಲಿಗೆ ಹೋಗುತ್ತದೆ, ಆದರೆ ಬೆನ್ನು ಬೆವತು ನೀರಾಗುತ್ತದೆ. ಬಲೆಯದರಲ್ಲಿ ಗಾಳಿ ಆಡುತ್ತದೆ, ಆದ್ದರಿಂದ ಬಿಸಿ ನಾಡಿನವರು ಹೆಚ್ಚಾಗಿ ಅದನ್ನೇ ಮೆಚ್ಚುತ್ತಾರಂತೆ. ನೋಡಿದೊಡನೆ ನಕ್ಕೆ. ಇದು ನಮ್ಮ ನವಾರಿನ ಹೊರಸಲ್ಲವೇ! ಬೇಸಿಗೆಯ ರಾತ್ರಿ ಅಂಗಳದಲ್ಲಿ ಹಾಸಿಗೆ ಇಲ್ಲದೆ ಬರೀ ಹೊರಸಿನ ಮೇಲೆ ಮಲಗುವ ಸುಖ ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಡ.

ಕಾರಣವೂ ಅಡುಗೆಮನೆಯಲ್ಲೇ ಇದೆ. ಮಣ್ಣಿನ ಗಡಿಗೆಯಲ್ಲಿ ನೀರು ಏಕೆ ತಣ್ಣಗಾಗುತ್ತದೆ? ಹೊರಮೈಗೆ ಜಿನುಗಿದ ನೀರು ಗಾಳಿಗೆ ಆರುವಾಗ ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಅದೇ ಗಡಿಗೆಗೆ ಚಂದಕ್ಕೆಂದು ಬಣ್ಣ ಬಳಿಯಿರಿ, ನೀರು ತಣ್ಣಗಾಗುವುದಿಲ್ಲ. ಮೈಬೆವರಿನ ಕೆಲಸವೂ ಇಷ್ಟೇ, ಆರಿದರೆ ತಂಪು, ಆರದಿದ್ದರೆ ಬರೀ ಜಿಗಟು. ರೆಗ್ಜಿನ್ ಎಂದರೆ ಬಣ್ಣ ಬಳಿದ ಗಡಿಗೆ. ಸ್ಪಂಜು ದಪ್ಪವಾದಷ್ಟೂ ಮೈ ಅದರಲ್ಲಿ ಹುದುಗುತ್ತದೆ, ಗಾಳಿಗೆ ದಾರಿ ಇಲ್ಲ. ವರ್ಷದಲ್ಲಿ ಅದು ಅಮುಕಿ ಹಲಗೆಯಾಗುವುದು ಬೇರೆ. ಅಂಗಡಿಯವರು ಮಾತ್ರ ಹೆಬ್ಬೆರಳಿಂದ ಒತ್ತಿ ತೋರಿಸಿ, “ನೋಡ್ರಿ, ಎಷ್ಟು ಮೆತ್ತಗದ” ಅನ್ನುತ್ತಾರೆ. ಹೆಬ್ಬೆರಳಿನ ಮೇಲೆ ಯಾರೂ ಸವಾರಿ ಮಾಡುವುದಿಲ್ಲ.

ಹಳೆಯ ಸೀಟು ಕಳಚಿಸಿ, ವೆಲ್ಡಿಂಗ್ ಮಾಡುವವನಿಂದ ಕಬ್ಬಿಣದ ಕೊಳವೆಯ ಎರಡು ಚೌಕಟ್ಟು ಮಾಡಿಸಿದೆವು, ಒಂದು ಕೂಡಲು, ಒಂದು ಬೆನ್ನಿಗೆ. ನವಾರು ಯಾವುದು ಎಂದು ಮನೆಯಲ್ಲಿ ಎರಡು ದಿನ ವಾದ. ಪ್ಲಾಸ್ಟಿಕ್ ಪಟ್ಟಿ ಮಳೆಗೆ ಕೊಳೆಯುವುದಿಲ್ಲ, ಆದರೆ ಬೆವರು ಹೀರುವುದಿಲ್ಲ, ಅದರ ಅಂಚು ಮೈಗೆ ಒತ್ತುತ್ತದೆ. ಹತ್ತಿಯ ನವಾರು ಬೆವರು ಹೀರಿ ಬೇಗ ಆರುತ್ತದೆ, ಆದರೆ ಜೋಲು ಬೀಳುತ್ತದೆ. ಬೆನ್ನಿಗೆ ಭಾರ ಕಡಿಮೆಯೆಂದು ಅಲ್ಲಿ ಪ್ಲಾಸ್ಟಿಕ್ ಪಟ್ಟಿಯನ್ನು ಬೆರಳಗಲ ಸಂದು ಬಿಟ್ಟು ಹೆಣೆದೆವು. ಕೂಡುವ ಕಡೆ ಹತ್ತಿಯದನ್ನೇ ಒತ್ತಾಗಿ ಹೆಣೆದು, ಹೊರಸಿನ ಕಾಲುಗಡೆ ಹಗ್ಗ ಬಿಗಿಯುವಂತೆ ಹಿಂದುಗಡೆ ಹಗ್ಗ ಬಿಟ್ಟೆವು. ಇದು ಮುಖ್ಯ. ಜೋಲು ಬಿದ್ದ ಸೀಟು ತೊಟ್ಟಿಲಾಗಿ, ತೊಡೆ ಎರಡೂ ಒಂದಕ್ಕೊಂದು ಒತ್ತಿ, ಬೆನ್ನು ಗೂನಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಹಗ್ಗ ಎಳೆದು ಕಟ್ಟುವುದು ನನ್ನ ಯಜಮಾನರ ಪಾಲಿನ ಕೆಲಸ.

ಬೆನ್ನಿನ ಓರೆಯನ್ನು ಮಾತ್ರ ಚಿತ್ರ ನೋಡಿ ಮಾಡಲಿಲ್ಲ. ಕಾಲಿಂದ ತುಳಿಯುವವರು ಎಷ್ಟು ಬೇಕಾದರೂ ಒರಗಲಿ, ಕೈಯಿಂದ ತಿರುಗಿಸುವವರು ಹಾಗೆ ಒರಗಿದರೆ ಹಿಡಿಕೆ ದೂರವಾಗಿ ಹೆಗಲು ಬೀಳುತ್ತದೆ. ಮೈದುನನನ್ನು ಕೂಡಿಸಿ, ಹಿಡಿಕೆ ಅತಿ ದೂರ ಹೋದಾಗಲೂ ಮೊಣಕೈ ತುಸು ಬಾಗಿರುವಂತೆ ನೋಡಿಕೊಂಡು ಬೋಲ್ಟು ಬಿಗಿಸಿದೆವು. ಕೊಡೆ ಕಟ್ಟಿಸುವ ವಿಚಾರವೂ ಇತ್ತು. ಬಯಲ ಗಾಳಿಗೆ ಕೊಡೆಯೇ ಗಾಡಿಯನ್ನು ಎಳೆಯುತ್ತದೆ ಎಂದು ಅವನೇ ಬೇಡವೆಂದ. ಬದಲಿಗೆ ಗಾಡಿ ನಿಂತಾಗ ಸೀಟಿನ ಮೇಲೆ ಬಿಳಿ ಪಂಚೆಯ ತುಂಡು ಮುಚ್ಚಿರುತ್ತದೆ.

ಈ ಸೀಟು ಬಂದು ಎರಡು ಬೇಸಿಗೆ ಕಳೆದವು. ಹುಣ್ಣು ಮರುಕಳಿಸಿಲ್ಲ, ಅಂಗಡಿ ಒಂದು ದಿನವೂ ಮುಚ್ಚಿಲ್ಲ. ಸೀಟೊಂದೇ ಎಲ್ಲ ಮಾಡಿತು ಎನ್ನಲಾರೆ. ಅಂಗಡಿಯಲ್ಲಿ ಕುಳಿತಾಗ ಕಾಲು ಗಂಟೆಗೊಮ್ಮೆ ಎರಡೂ ಕೈಯೂರಿ ಮೈಯೆತ್ತಿ ಇಳಿಸುವುದನ್ನು ವೈದ್ಯರು ರೂಢಿ ಮಾಡಿಸಿದ್ದಾರೆ. ಶೌಚಕ್ಕೆ ಇಳಿಯುವ ತಾಪತ್ರಯಕ್ಕೆ ಹೆದರಿ ನೀರೇ ಕುಡಿಯುತ್ತಿರಲಿಲ್ಲ, ಈಗ ದೊಡ್ಡ ಬಾಟಲಿ ಮಜ್ಜಿಗೆ ಖಾಲಿಯಾಗಿ ಬರಬೇಕೆಂಬುದು ನನ್ನ ಕಟ್ಟಪ್ಪಣೆ.

ಒಂದು ಎಚ್ಚರಿಕೆ ಹೇಳಲೇಬೇಕು. ಪೋಲಿಯೋ ಆದವರಿಗೆ ಬಲ ಹೋದರೂ ಸ್ಪರ್ಶ ತಿಳಿಯುತ್ತದೆ, ನೋವು ಮುಂಚೆಯೇ ಕೂಗಿ ಹೇಳುತ್ತದೆ. ಮರದಿಂದ ಬಿದ್ದೋ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾದವರಿಗೆ ಅದೂ ತಿಳಿಯುವುದಿಲ್ಲ. ಅಂಥವರು ಬರೀ ನವಾರನ್ನು ನಂಬಬಾರದು, ವೈದ್ಯರು ಹೇಳಿದ ದಿಂಬೇ ಬೇಕು. ಮನೆಯವರು ದಿನಾ ಕೂಡುವ ಜಾಗ ನೋಡಬೇಕು, ಕೆಂಪು ಕಲೆ ಅರ್ಧ ಗಂಟೆಯಾದರೂ ಮಾಸದಿದ್ದರೆ ಆಸ್ಪತ್ರೆಗೆ ಹೋಗಬೇಕು. ಇದರಲ್ಲಿ ನಾಚಿಕೆ ಬೇಡ.

ಗಾಡಿಯೇ ಇಲ್ಲದವರು ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಕೇಂದ್ರ ಸರಕಾರದ ಅಡಿಪ್ ಯೋಜನೆ 1981ರಿಂದ ಇದೆ. ಕಾನ್ಪುರದ ಅಲಿಮ್ಕೊ ಎಂಬ ಸರಕಾರಿ ಸಂಸ್ಥೆ ಇಂಥ ಗಾಡಿ ತಯಾರಿಸುತ್ತದೆ, ಶಿಬಿರಗಳಲ್ಲಿ ಅಳತೆ ತೆಗೆದುಕೊಂಡು ಕೊಡುತ್ತಾರೆ.

ಇನ್ನು ಹೊಲಿಗೆ ಬಲ್ಲವರಿಗೆ ಸೀಟಿನ ಹಾಸಿನ ವಿವರ. ನಮ್ಮ ಚೌಕಟ್ಟು 16 ಇಂಚು, ಹಾಸು 18 ಇಂಚು. ಹಳೆಯ ಬಿಳಿ ಪಂಚೆ ನಾಲ್ಕು ಪದರ ಮಡಿಚಿ, ಕೌದಿಯ ಹಾಗೆ ಸಣ್ಣ ಹೊಲಿಗೆ ಹಾಕಿ. ಗಂಟು, ಗುಂಡಿ, ದಪ್ಪ ಅಂಚು ಯಾವುದೂ ಕೂಡುವ ಕಡೆ ಬರಬಾರದು, ಎಲ್ಲ ಚೌಕಟ್ಟಿನ ಆಚೆಗೆ ಸರಿಯಬೇಕು. ಜಾರದಂತೆ ನಾಲ್ಕು ಮೂಲೆಗೆ ಲಾಡಿ. ಹೊಸ ಬಟ್ಟೆ ಬೇಡ, ಗಂಜಿಯಿಂದ ಬಿರುಸಾಗಿರುತ್ತದೆ. ಇಂಥವು ಮೂರು ಬೇಕು, ಒಂದು ಗಾಡಿಯ ಮೇಲೆ, ಒಂದು ಒಣಗುವ ಹಗ್ಗದ ಮೇಲೆ, ಒಂದು ಅಂಗಡಿಗೆ ಒಯ್ಯುವ ಚೀಲದಲ್ಲಿ.